ವ್ರತಕ್ಕೆ ಒಡೆಯರು ಯಾರು?





ಭಾದ್ರಪದ ಮಾಸದ ದಶಲಕ್ಷಣ ಪರ್ವವು ಸಮೀಪಿಸಿತೆಂದರೆ ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳ ದಂಡೆಯ ನಮ್ಮ ಊರುಗಳಲ್ಲಿ ಒಂದು ಪ್ರಶ್ನೆ ಮನೆಮನೆಯ ಬಾಗಿಲಿಗೂ ಬರುತ್ತದೆ: "ಈ ವರ್ಷ ನಿಮ್ಮ ಮನೆಯಲ್ಲಿ ಯಾರು ಯಾರು ಉಪವಾಸ ಹಿಡಿದಿದ್ದಾರೆ? ಎಷ್ಟು ದಿನದ್ದು?" ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಈ ಪ್ರಶ್ನೆ ಕುಶಲಪ್ರಶ್ನೆಯಷ್ಟೇ ಸಹಜವಾದುದು. ಕೇಳುವವರಲ್ಲಿ ಭಕ್ತಿಯಿರುತ್ತದೆ, ಸಂದೇಹವಿಲ್ಲ. ಆದರೆ ಉತ್ತರ ಹೇಳುವವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನು ನಾವು ವಿಚಾರಿಸುವುದು ಅಪರೂಪ.

ಕೆಲವು ವರ್ಷಗಳ ಹಿಂದೆ ಒಂದು ಬಸದಿಯಲ್ಲಿ ಪ್ರವಚನ ಮುಗಿದ ಮೇಲೆ ಒಬ್ಬ ತರುಣನು ಎದ್ದು ನಿಂತನು. ದೊಡ್ಡ ಊರಿನಲ್ಲಿ ಓದಿ ಅಲ್ಲಿಯೇ ಉದ್ಯೋಗದಲ್ಲಿರುವವನು, ಹಬ್ಬಕ್ಕೆಂದು ಊರಿಗೆ ಬಂದಿದ್ದನು. "ಪಂಡಿತರೇ, ನಾನು ಮದ್ಯ ಮಾಂಸ ಮುಟ್ಟುವುದಿಲ್ಲ. ಸುಳ್ಳು ಲೆಕ್ಕ ಬರೆಯುವುದಿಲ್ಲ. ಯಾರಿಗೂ ಕೇಡು ಬಗೆಯುವುದಿಲ್ಲ. ಇದಕ್ಕೆಲ್ಲ ನನ್ನ ಅಂತಃಸಾಕ್ಷಿಯೇ ಆಧಾರ. ಹೀಗಿರುವಾಗ ಚತುರ್ದಶಿಯ ದಿನ ನಾನು ಉಣ್ಣಬೇಕೋ ಬಿಡಬೇಕೋ ಎಂಬುದನ್ನು ಮನೆಯವರೂ ಸಮಾಜದವರೂ ಏಕೆ ನಿರ್ಣಯಿಸಬೇಕು? ನಾನು ಸ್ವತಂತ್ರನಲ್ಲವೆ?" ಎಂದನು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವನ ತಂದೆಯ ಮುಖ ಕೆಂಪಾಯಿತು. "ನಾಲ್ಕಕ್ಷರ ಕಲಿತ ಮಾತ್ರಕ್ಕೆ ಧರ್ಮ ಬೇಡವಾಯಿತೇನು?" ಎಂದು ಅವರು ಗದರಿದರು. ನಾನು ತಂದೆಯವರನ್ನು ಕುಳ್ಳಿರಿಸಿದೆ. ಏಕೆಂದರೆ ಆ ತರುಣನು ಕೇಳಿದ್ದು ಉದ್ಧಟತನದ ಮಾತಲ್ಲ. ನಮ್ಮ ಆಚಾರ್ಯರೇ ಎತ್ತಿಕೊಂಡು ಉತ್ತರಿಸಿದ ಮಾತು ಅದು.

ಆ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಒಬ್ಬನ ಮೇಲೆ ವ್ರತವನ್ನು ಹೇರುವ ಅಧಿಕಾರ ಇನ್ನೊಬ್ಬರಿಗುಂಟೆ ಎಂಬುದು ಒಂದು. ವ್ರತವಿಲ್ಲದೆ ಕೇವಲ ಅಂತಃಸಾಕ್ಷಿ ಸಾಕೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ 'ಇಲ್ಲ' ಎಂಬುದೇ. ಮೊದಲನೆಯ 'ಇಲ್ಲ' ಹಿರಿಯರಿಗೆ ಕಹಿ, ಎರಡನೆಯದು ತರುಣರಿಗೆ ಕಹಿ. ಔಷಧವೆಂದು ಭಾವಿಸಿ ಇಬ್ಬರೂ ಸ್ವೀಕರಿಸಬೇಕು.

ಮೊದಲು ಶಾಸ್ತ್ರವನ್ನು ನೋಡೋಣ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ವ್ರತದ ಲಕ್ಷಣವನ್ನು ಹೇಳುವಾಗ, ಭೋಗಿಸಲು ಯೋಗ್ಯವಾದ ವಿಷಯವನ್ನೂ ಅಭಿಪ್ರಾಯಪೂರ್ವಕವಾಗಿ ಬಿಡುವುದೇ ವ್ರತವೆಂದು ತಿಳಿಸುತ್ತಾರೆ. 'ಅಭಿಪ್ರಾಯಪೂರ್ವಕ' ಎಂಬ ಈ ಒಂದು ಮಾತು ಇಲ್ಲದಿದ್ದರೆ ವ್ರತವೇ ಇಲ್ಲ. ಮನೆಯಲ್ಲಿ ಜೋಳವಿಲ್ಲದೆ ಹಸಿದು ಮಲಗಿದವನು ಉಪವಾಸಿಯಲ್ಲ. ವೈದ್ಯರು ಬೇಡವೆಂದುದರಿಂದ ಬೆಲ್ಲ ಬಿಟ್ಟವನು ರಸತ್ಯಾಗಿಯಲ್ಲ. ಹಾಗೆಯೇ ಅತ್ತೆಯ ಕಣ್ಣಿಗೆ ಹೆದರಿ ಉಣ್ಣದೆ ಉಳಿದ ಸೊಸೆಯೂ ವ್ರತಿಯಲ್ಲ. ಅವಳ ಹೊಟ್ಟೆಯಲ್ಲಿರುವುದು ಹಸಿವೇ ಹೊರತು ತಪಸ್ಸಲ್ಲ.

ಇನ್ನು ಪೂಜ್ಯಪಾದಾಚಾರ್ಯರ ಮಾತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನೆಯನ್ನು ಹೇಳುವ ಸೂತ್ರಕ್ಕೆ ಅವರು ಸರ್ವಾರ್ಥಸಿದ್ಧಿಯಲ್ಲಿ ವ್ಯಾಖ್ಯಾನ ಬರೆದಿದ್ದಾರೆ. ಸೂತ್ರಕಾರರು ಅಲ್ಲಿ 'ಸೇವಿತಾ' ಎನ್ನದೆ 'ಜೋಷಿತಾ' ಎಂಬ ಪದವನ್ನು ಬಳಸಿದರು. ಏಕೆ? ಆ ಪದದಲ್ಲಿ ಆಚರಣೆಯ ಅರ್ಥದ ಜೊತೆಗೆ ಪ್ರೀತಿಯ ಅರ್ಥವೂ ಸೇರಿದೆ ಎಂದು ಆಚಾರ್ಯರು ಬಿಡಿಸಿ ಹೇಳುತ್ತಾರೆ. ಒಳಗೆ ಪ್ರೀತಿಯಿಲ್ಲದವನಿಂದ ಬಲಾತ್ಕಾರವಾಗಿ ಸಲ್ಲೇಖನೆ ಮಾಡಿಸುವುದಿಲ್ಲ, ಪ್ರೀತಿ ಹುಟ್ಟಿದವನು ತಾನಾಗಿಯೇ ಮಾಡುತ್ತಾನೆ ಎಂಬುದು ಅವರ ಅಭಿಪ್ರಾಯ. ಬಂಧುಗಳೇ, ವ್ಯಕ್ತಿಸ್ವಾತಂತ್ರ್ಯವೆಂಬುದು ಪಾಶ್ಚಾತ್ಯರಿಂದ ಬಂದ ಹೊಸ ವಿಚಾರವೆಂದು ಕೆಲವರು ಮೂಗು ಮುರಿಯುವುದುಂಟು. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ವಿಹರಿಸಿದ ದಿಗಂಬರಾಚಾರ್ಯರೊಬ್ಬರು ಅತ್ಯುನ್ನತವಾದ ವ್ರತವನ್ನು ಕುರಿತೇ ಈ ಮಾತನ್ನು ಹೇಳಿಟ್ಟಿದ್ದಾರೆ. ಅಂತಿಮ ವ್ರತದಲ್ಲಿಯೇ ಬಲಾತ್ಕಾರ ಸಲ್ಲದೆಂದ ಮೇಲೆ ಅಷ್ಟಮಿಯ ಉಪವಾಸದಲ್ಲಿ ಅದು ಹೇಗೆ ಸಲ್ಲುತ್ತದೆ?

ಈ ಪ್ರೀತಿಯು ಹೇಗಿರುತ್ತದೆಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಚಾರಿತ್ರ್ಯ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1872ರಲ್ಲಿ ನಮ್ಮ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಜನಿಸಿದವರು. ತಾರುಣ್ಯದಲ್ಲಿಯೇ ಅವರಿಗೆ ವೈರಾಗ್ಯ ಮೂಡಿತ್ತು. ಆದರೆ ತಾವಿರುವ ತನಕ ಮನೆಯಲ್ಲಿಯೇ ಇರಬೇಕೆಂದು ತಂದೆಯವರು ಬಯಸಿದರು. ಮಗನು ತಂದೆಯ ಮೇಲೆ ತನ್ನ ವೈರಾಗ್ಯವನ್ನು ಹೇರಲಿಲ್ಲ, ತಂದೆಯ ಮಾತಿಗಾಗಿ ಅದನ್ನು ಕಳೆದುಕೊಳ್ಳಲೂ ಇಲ್ಲ. ಮಾತಾಪಿತೃಗಳ ಕಾಲಾನಂತರ ಗೃಹತ್ಯಾಗ ಮಾಡಿ, 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯನ್ನು ಸ್ವೀಕರಿಸಿದರು. 1955ರಲ್ಲಿ ದೃಷ್ಟಿ ತೀರ ಕುಂದಿ, ನಡೆವಾಗ ಕಾಲಡಿಯ ಜೀವಗಳನ್ನು ಕಂಡು ಕಾಪಾಡುವ ಈರ್ಯಾಸಮಿತಿ ಅಸಾಧ್ಯವಾದಾಗ ಕುಂಥಲಗಿರಿಯಲ್ಲಿ ಸಲ್ಲೇಖನೆಯನ್ನು ಕೈಕೊಂಡರು. ಆ ನಡುವೆ ಆಚಾರ್ಯ ಪದವಿಯನ್ನು ವೀರಸಾಗರರಿಗೆ ಒಪ್ಪಿಸಿದರು. 36ನೆಯ ದಿನ, ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಅವರ ಮೇಲೆ ಆಜ್ಞೆ ಮಾಡುವವರು ಯಾರಿದ್ದರು? ಸಂಘವೇ ಅವರ ಆಜ್ಞೆಯಲ್ಲಿತ್ತು. ದೇಹವು ಧರ್ಮಕ್ಕೆ ಸಾಧನವಾಗಿ ಉಳಿಯಲಿಲ್ಲವೆಂಬುದನ್ನು ಅವರೇ ತೂಗಿ ನೋಡಿದರು.

ಇದಾಗಿ 60 ವರ್ಷಗಳಿಗೆ, 2015ರ ಆಗಸ್ಟ್ 10ರಂದು, ರಾಜಸ್ಥಾನ ಉಚ್ಚ ನ್ಯಾಯಾಲಯವು ಬೇರೊಂದು ಮಾತನ್ನು ಹೇಳಿತು. 2006ರಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಯೊಂದರ ಮೇಲೆ ತೀರ್ಪು ಕೊಡುತ್ತ, ಸಲ್ಲೇಖನೆಯು ಧರ್ಮದ ಅತ್ಯಗತ್ಯ ಅಂಗವೆಂದು ಸಿದ್ಧವಾಗಿಲ್ಲ, ಅದನ್ನು ಆತ್ಮಹತ್ಯೆಯೆಂದೂ ಅದಕ್ಕೆ ನೆರವಾಗುವುದನ್ನು ಆತ್ಮಹತ್ಯೆಗೆ ಪ್ರೇರಣೆಯೆಂದೂ ಪರಿಗಣಿಸಬೇಕು ಎಂದಿತು. ದೇಶದ ಜೈನರೆಲ್ಲ ಮೌನ ಮೆರವಣಿಗೆಗಳಲ್ಲಿ ಹೊರಬಂದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ನಾವು ನಿಟ್ಟುಸಿರು ಬಿಟ್ಟು ಮನೆಗೆ ಮರಳಿದೆವು.

ಆ ತೀರ್ಪು ಸಲ್ಲೇಖನೆಯ ಸ್ವರೂಪವನ್ನು ಅರಿಯದೆ ಹೋಯಿತೆಂದೇ ನಾನು ತಿಳಿದಿದ್ದೇನೆ. ವಿಷ, ಶಸ್ತ್ರಗಳಿಂದ ತನ್ನನ್ನು ತಾನು ಕೊಂದುಕೊಳ್ಳುವವನನ್ನು ರಾಗ, ದ್ವೇಷ, ಮೋಹಗಳು ನೂಕುತ್ತವೆ. ಸಲ್ಲೇಖನೆಯಲ್ಲಿ ಅವುಗಳೇ ಕ್ಷೀಣವಾಗಬೇಕು. ಭಂಡಾರದಲ್ಲಿ ಬೆಲೆಬಾಳುವ ಸರಕನ್ನು ಇಟ್ಟ ವ್ಯಾಪಾರಿಯು ಮನೆಗೆ ಆಪತ್ತು ಬಂದರೆ ಮೊದಲು ಮನೆಯನ್ನೇ ಉಳಿಸಲು ಯತ್ನಿಸುತ್ತಾನೆ. ಸಾಧ್ಯವಾಗದಾಗ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ಪೂಜ್ಯಪಾದರ ಈ ದೃಷ್ಟಾಂತದಲ್ಲಿ ದೇಹವೇ ಮನೆ, ವ್ರತಶೀಲಗಳೇ ಸರಕು. ಮನೆಗೆ ತಾನೇ ಬೆಂಕಿಯಿಡುವ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಬೇಗನೆ ಮರಣ ಬರಲಿ ಎಂದು ಹಾರೈಸುವುದು ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಒಂದು. ಆದುದರಿಂದ ಬಾಳಿನ ಬೇಸರದಿಂದಲೋ ಸಾಲದ ಹೊರೆಯಿಂದಲೋ ಸಾವನ್ನು ಬಯಸುವ ಜೀವಕ್ಕೆ ಬೇಕಾದುದು ವ್ರತವಲ್ಲ. ಅಂಥವರ ಬಳಿ ಕುಳಿತು ಮಾತನಾಡಿಸಬೇಕು, ವೈದ್ಯರ ಬಳಿಗೆ ಕರೆದೊಯ್ಯಬೇಕು. ಅದೇ ಅಲ್ಲಿಯ ಧರ್ಮ.

ಆದರೆ ಬಂಧುಗಳೇ, ತಡೆಯಾಜ್ಞೆ ಬಂದಿತೆಂದು ಪ್ರಶ್ನೆ ತೀರಲಿಲ್ಲ. ವ್ರತ ಹಿಡಿದವರು ನಿಜವಾಗಿಯೂ ತಾವಾಗಿಯೇ ಹಿಡಿದರೆ, ನಡುವೆ ಬೇಡವೆನಿಸಿದರೆ ಬಿಡುವ ದಾರಿ ಅವರಿಗಿತ್ತೆ ಎಂದು ಆ ಅರ್ಜಿಯ ಬೆನ್ನಿಗಿದ್ದ ಸಂದೇಹವು ನಮ್ಮನ್ನು ಕೇಳುತ್ತದೆ. ಇದಕ್ಕೆ ನ್ಯಾಯಾಲಯದಲ್ಲಿ ವಕೀಲರು ಉತ್ತರ ಕೊಡಬಹುದು. ಮನೆಯಲ್ಲಿ ಉತ್ತರ ಕೊಡಬೇಕಾದವರು ನಾವು.

2016ರಲ್ಲಿ ಹೈದರಾಬಾದ್ ನಗರದಲ್ಲಿ 13 ವರ್ಷದ ಬಾಲಿಕೆಯೊಬ್ಬಳು 68 ದಿನಗಳ ಉಪವಾಸದ ನಂತರ ತೀರಿಕೊಂಡಳು. ಸುದ್ದಿ ದೇಶದಲ್ಲೆಲ್ಲ ಹಬ್ಬಿತು. ಅವಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕೇವಲಿಗಳೇ ಬಲ್ಲರು, ದುಃಖದಲ್ಲಿರುವ ಮನೆಯವರನ್ನು ದೂಷಿಸುವುದು ನನ್ನ ಉದ್ದೇಶವೂ ಅಲ್ಲ. ಆದರೆ ಹದಿಮೂರು ವರ್ಷದ ಮಗುವಿನ ಸಮ್ಮತಿಯ ಮೇಲೆ ನಾವು ಒಂದು ಹೊಲವನ್ನು ಮಾರುವುದಿಲ್ಲ. ಅಂಥ ಮಗುವಿನ ಸಮ್ಮತಿಯನ್ನು 68 ದಿನಗಳ ಉಪವಾಸಕ್ಕೆ ಸಾಕೆಂದು ಎಣಿಸಬಹುದೆ? ಷೋಡಶಕಾರಣ ಭಾವನೆಗಳನ್ನು ನಾವು ಪ್ರತಿವರ್ಷ ಪೂಜಿಸುತ್ತೇವೆ. ತ್ಯಾಗ, ತಪಸ್ಸುಗಳು ಶಕ್ತಿಗೆ ತಕ್ಕಂತಿರಬೇಕೆಂದು ಅಲ್ಲಿಯೇ ಹೇಳಿದೆ. ಶಕ್ತಿಯನ್ನು ಅಡಗಿಸಿಡುವುದು ಹೇಗೆ ದೋಷವೋ, ಇಲ್ಲದ ಶಕ್ತಿಯನ್ನು ಇದೆಯೆಂದು ಹೊಗಳಿ ಮಗುವನ್ನು ಮುಂದಕ್ಕೆ ನೂಕುವುದೂ ಹಾಗೆಯೇ ದೋಷ.

ನಮ್ಮ ಊರುಗಳ ಸಂಗತಿ ಇಷ್ಟು ದೊಡ್ಡದಲ್ಲದಿರಬಹುದು, ಆದರೆ ಜಾತಿ ಒಂದೇ. ಸಭೆಯಲ್ಲಿ ಹೆಸರು ಹಿಡಿದು ಕರೆದು, "ನೀವು ಎಷ್ಟು ದಿನ?" ಎಂದು ಕೇಳುತ್ತೇವೆ. ಪಾರಣೆಗೆ ವಾದ್ಯ ಹಚ್ಚುತ್ತೇವೆ, ಬೀದಿಯ ತಿರುವಿನಲ್ಲಿ ಭಾವಚಿತ್ರದ ಫಲಕ ಕಟ್ಟುತ್ತೇವೆ. ಸಕ್ಕರೆ ಕಾಯಿಲೆಯಿರುವ ಅಜ್ಜಿಯು ಮೂರನೆಯ ದಿನ ತಲೆ ತಿರುಗಿ ಕುಳಿತರೆ, "ಇನ್ನೆರಡು ದಿನ ತಡೆ ಅವ್ವಾ, ಬೀಗರೆಲ್ಲ ಬರುವವರಿದ್ದಾರೆ" ಎನ್ನುತ್ತೇವೆ. ಹಾಲೂಡಿಸುವ ತಾಯಿಯು ಏಕಭುಕ್ತ ಮಾಡಿದರೆ, ನೆರೆಮನೆಯ ಸೊಸೆ ಹತ್ತು ದಿನ ಮಾಡಿದಳೆಂದು ಹೋಲಿಸುತ್ತೇವೆ. ತಪಸ್ಸಿನ ಉದ್ದೇಶ ಕಾಯದೊಡನೆ ಕಷಾಯವನ್ನೂ ಕೃಶಗೊಳಿಸುವುದು. ಇಂಥ ಮನೆಗಳಲ್ಲಿ ಸೊಸೆಯ ಕಾಯ ಕೃಶವಾಗುತ್ತದೆ, ಮನೆತನದ ಮಾನಕಷಾಯ ಪುಷ್ಟವಾಗುತ್ತದೆ. ಕೃತ, ಕಾರಿತ, ಅನುಮೋದನೆ ಈ ಮೂರು ಬಗೆಯಿಂದಲೂ ಪಾಪಬಂಧವುಂಟೆಂದು ನಾವು ಬಾಲ್ಯದಿಂದ ಕೇಳಿದ್ದೇವೆ. ಇನ್ನೊಂದು ಜೀವವನ್ನು ಅದರ ಮನಸ್ಸಿಗೆ ವಿರುದ್ಧವಾಗಿ ನೋಯಿಸಿದರೆ ಅದು ಕಾರಿತ ಹಿಂಸೆ. ನೋವಿಗೆ ಉಪವಾಸವೆಂಬ ಹೆಸರಿಟ್ಟ ಮಾತ್ರಕ್ಕೆ ಅದು ಅಹಿಂಸೆಯಾಗದು. ಪ್ರೋಷಧೋಪವಾಸದ ಅತಿಚಾರಗಳಲ್ಲಿ 'ಅನಾದರ'ವೂ ಒಂದೆಂಬುದನ್ನು ನೆನೆಯಿರಿ. ಒತ್ತಾಯದಿಂದ ಮಾಡಿದ ಉಪವಾಸದಲ್ಲಿ ಆದರವು ಎಲ್ಲಿಂದ ಬರಬೇಕು?

ಇದು ಹಿರಿಯರಿಗೆ ಹೇಳಿದ ಮಾತಾಯಿತು. ಇಷ್ಟನ್ನು ಕೇಳಿ ತರುಣರು ಸಂತೋಷಪಟ್ಟಿರಬಹುದು. ಅವರ ಪಾಲಿನದು ಇನ್ನೂ ಉಳಿದಿದೆ.

"ನನ್ನ ಅಂತಃಸಾಕ್ಷಿ ಸಾಕು" ಎನ್ನುವವರನ್ನು ನಾನು ನಿಪ್ಪಾಣಿಯ ಕಡೆಗೆ ಕರೆಯುತ್ತೇನೆ. ಅಲ್ಲಿಯ ಕರಿ ಮಣ್ಣಿನಲ್ಲಿ ತಲೆಮಾರುಗಳಿಂದ ತಂಬಾಕು ಬೆಳೆದಿದೆ. ಬೀಡಿ ಕಟ್ಟಿ ಸಂಸಾರ ನಡೆಸಿದ ತಾಯಂದಿರಿದ್ದಾರೆ. ನ್ಯಾಯವಾದ ಬೆಲೆಗಾಗಿ ರೈತರು ಹೋರಾಡಿ, 1981ರ ಏಪ್ರಿಲ್ 6ರಂದು ಗೋಲಿಬಾರಿನಲ್ಲಿ ಪ್ರಾಣ ತೆತ್ತ ನೆಲವದು. ಆ ಶ್ರಮದ ಮುಂದೆ ನಾನು ತಲೆಬಾಗುತ್ತೇನೆ. ಆದರೂ ಕೇಳಲೇಬೇಕು: ತಾನು ತಂಬಾಕನ್ನು ಮುಟ್ಟದ ಶ್ರಾವಕನು ಅದನ್ನು ಬೆಳೆದು, ಗೋದಾಮು ತುಂಬಿ ಮಾರುವಾಗ ಅವನ ಅಂತಃಸಾಕ್ಷಿ ಏನು ಹೇಳುತ್ತದೆ? ಕಾನೂನು ಅವನನ್ನು ತಡೆಯುವುದಿಲ್ಲ. 2003ರ ಕಾಯಿದೆಯು 18 ವರ್ಷದೊಳಗಿನವರಿಗೆ ತಂಬಾಕನ್ನು ಮಾರಬಾರದೆಂದಿತು. ಪ್ರಾಯದವರಿಗೆ ಮಾರಬಾರದೆನ್ನಲಿಲ್ಲ. ಅದನ್ನು ಸೇದಿ, ಅಗಿದು ಕ್ಯಾನ್ಸರಿಗೆ ಗುರಿಯಾದವನು ದೂರದ ಯಾವುದೋ ಊರಿನಲ್ಲಿರುತ್ತಾನೆ, ಅವನ ಕೂಗು ಇಲ್ಲಿಗೆ ಕೇಳಿಸುವುದಿಲ್ಲ.

ಇನ್ನೊಂದು ನಿದರ್ಶನ ನೋಡಿ. ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಹಚ್ಚುತ್ತಾರೆ. ಸಂಜೆ ರಸ್ತೆಯಲ್ಲಿ ಹೋಗುವಾಗ ಆ ಜ್ವಾಲೆಯನ್ನು ನೀವೂ ಕಂಡಿದ್ದೀರಿ. ಆ ರವದಿಯಲ್ಲಿ ಹಾವು, ಓತಿಕೇತ, ಹಕ್ಕಿಯ ಮೊಟ್ಟೆ, ಎರೆಹುಳು, ಎಣಿಕೆಗೆ ಸಿಗದ ತ್ರಸಜೀವಗಳಿರುತ್ತವೆ. ಅದೇ ಹೊಲದ ಒಡೆಯನು ಮನೆಗೆ ಬಂದು ನೀರನ್ನು ಸೋಸಿ ಕುಡಿಯುತ್ತಾನೆ, ಗಡ್ಡೆಗೆಣಸನ್ನು ದೂರವಿಡುತ್ತಾನೆ. ಅವನು ಕೆಟ್ಟವನಲ್ಲ. ಅವನಿಗೂ ಅಂತಃಸಾಕ್ಷಿಯಿದೆ. ಆದರೆ ಎಲ್ಲರೂ ಮಾಡುವುದನ್ನು ಕಂಡು ಕಂಡು ಅದು ಮೌನವಾಗಿದೆ. ರವದಿಯನ್ನು ಸಾಲಿನ ನಡುವೆ ಹಾಸಿ ಕೊಳೆಸಿದರೆ ಹೊಲಕ್ಕೆ ತೇವವೂ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ಇದು ಅವನಿಗೆ ಗೊತ್ತು. ಗೊತ್ತಿದ್ದೂ ಮಾಡದಿರುವುದಕ್ಕೆ ಕಾರಣ, ಆ ವಿಷಯದಲ್ಲಿ ಅವನಿಗೆ ವ್ರತವಿಲ್ಲ.

ಅಂತಃಸಾಕ್ಷಿಗೂ ವ್ರತಕ್ಕೂ ಇರುವ ಅಂತರ ಇದೇ. ಅಂತಃಸಾಕ್ಷಿಯು ದೀಪವಿದ್ದಂತೆ, ಗಾಳಿ ಬೀಸಿದರೆ ಹೊಯ್ದಾಡುತ್ತದೆ. ಲಾಭ, ಭಯ, ನೆರೆಹೊರೆಯ ರೂಢಿ ಇವೆಲ್ಲ ಗಾಳಿಗಳೇ. ವ್ರತವು ಆ ದೀಪಕ್ಕೆ ನಾವೇ ಕಟ್ಟಿಕೊಂಡ ಗೂಡು. ದೀಪವಿಲ್ಲದ ಗೂಡು ಕತ್ತಲೆ, ಅದನ್ನು ಹಿರಿಯರಿಗೆ ಹೇಳಿದೆನು. ಗೂಡಿಲ್ಲದ ದೀಪಕ್ಕೆ ಭರವಸೆಯಿಲ್ಲ, ಇದು ತರುಣರಿಗೆ. ಮನಸ್ಸು ನಿರ್ಮಲವಾಗಿದ್ದ ಗಳಿಗೆಯಲ್ಲಿ ಮಾಡಿದ ನಿರ್ಣಯವು ಮನಸ್ಸು ಕಲಕಿದ ಗಳಿಗೆಯಲ್ಲಿ ನಮ್ಮನ್ನು ಕಾಯಬೇಕು. ಅದಕ್ಕಾಗಿಯೇ ಆಚಾರ್ಯರು ಕಾಲಮಿತಿಯುಳ್ಳ ನಿಯಮವನ್ನೂ ಜೀವಪರ್ಯಂತದ ಯಮವನ್ನೂ ಬೇರೆಬೇರೆಯಾಗಿ ಇಟ್ಟರು. ಹೆದರುವವನು ಒಂದು ಪಕ್ಷಕ್ಕೆ, ಒಂದು ಚಾತುರ್ಮಾಸಕ್ಕೆ ನಿಯಮ ಹಿಡಿಯಲಿ. ತನ್ನ ಶಕ್ತಿಯನ್ನು ತಾನೇ ಅಳೆಯಲಿ.

ಲೌಕಿಕ ನ್ಯಾಯವೂ ಈಗ ಇದನ್ನು ಒಂದು ಮಟ್ಟಿಗೆ ಅರಿಯುತ್ತಿದೆ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಘನತೆಯಿಂದ ಮರಣ ಹೊಂದುವ ಹಕ್ಕನ್ನು ಮನ್ನಿಸಿತು. ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಬುದ್ಧಿ ಸ್ವಸ್ಥವಾಗಿರುವಾಗಲೇ ಬರೆದಿಡಬಹುದೆಂದಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದರ ಜಾರಿಗೆ ಆದೇಶ ಹೊರಡಿಸಿತು. ಇದು ಸಲ್ಲೇಖನೆಯಲ್ಲ, ಎರಡನ್ನೂ ಬೆರೆಸಬಾರದು. ಆದರೆ ಸ್ವಸ್ಥ ಗಳಿಗೆಯ ನಿರ್ಣಯವನ್ನು ಗೌರವಿಸಬೇಕೆಂಬ ತತ್ತ್ವ ಎರಡರಲ್ಲಿಯೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನಕ್ಕೆ ಹಿಂದಿನಂತೆ ಸಾಮಾನ್ಯ ಶಿಕ್ಷೆಯಿಲ್ಲ, ಪ್ರೇರಣೆ ಕೊಟ್ಟವನಿಗೆ ಮಾತ್ರ ಶಿಕ್ಷೆ ಮುಂದುವರಿದಿದೆ. ನೊಂದವನಿಗಿಂತ ನೂಕಿದವನು ಹೆಚ್ಚಿನ ಅಪರಾಧಿ ಎಂಬ ಈ ವಿವೇಕವನ್ನು 'ಕಾರಿತ'ದ ಭಯವುಳ್ಳ ಜೈನನು ವಿರೋಧಿಸಲು ಕಾರಣವೇ ಇಲ್ಲ. ಸಂವಿಧಾನದ 25ನೆಯ ಅನುಚ್ಛೇದವು ಧರ್ಮಾಚರಣೆಗಿಂತ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ. ಆ ಸ್ವಾತಂತ್ರ್ಯವನ್ನು ಸರ್ಕಾರದಿಂದ ಕೇಳುವ ನಾವು ನಮ್ಮ ಮನೆಯ ಮಕ್ಕಳಿಗೆ ಅದನ್ನು ಕೊಡದಿದ್ದರೆ ನಮ್ಮ ಮೆರವಣಿಗೆಗೆ ಬೆಲೆಯೇನು?

ಆದುದರಿಂದ ಈ ಪರ್ವದಲ್ಲಿ ನನ್ನದು ಮೂರು ಪ್ರಾರ್ಥನೆ. ಮೊದಲನೆಯದು, ಯಾರ ವ್ರತವನ್ನೂ ಸಭೆಯಲ್ಲಿ ಕೇಳಬೇಡಿರಿ. ಗುರುಗಳ ಬಳಿ ಇಲ್ಲವೆ ಜಿನಬಿಂಬದ ಮುಂದೆ ಏಕಾಂತದಲ್ಲಿ ಅವರೇ ಸ್ವೀಕರಿಸಲಿ. ಎರಡನೆಯದು, ಮಕ್ಕಳಿಗೂ, ಗರ್ಭಿಣಿಯರಿಗೂ, ಬಾಣಂತಿಯರಿಗೂ, ರೋಗಿಗಳಿಗೂ ವೈದ್ಯರ ಮಾತನ್ನು ಮೊದಲು ಕೇಳಿಸಿರಿ. ಉಪವಾಸವಾಗದವರಿಗೆ ಅವಮೌದರ್ಯವಿದೆ, ರಸಪರಿತ್ಯಾಗವಿದೆ, ಸ್ವಾಧ್ಯಾಯವಿದೆ. ಇವೂ ತಪಸ್ಸೇ. ಮೂರನೆಯದು, ಹತ್ತು ದಿನ ಅನ್ನ ಬಿಡಲು ಶಕ್ತಿಯುಳ್ಳ ಹೊಲದೊಡೆಯನು ಈ ವರ್ಷ ರವದಿಗೆ ಬೆಂಕಿ ಹಚ್ಚುವುದಿಲ್ಲವೆಂಬ ನಿಯಮವನ್ನು ಹಿಡಿಯಲಿ. ಅದಕ್ಕೆ ವಾದ್ಯ ಬೇಡ, ಫಲಕ ಬೇಡ. ಬದುಕಿಕೊಂಡ ಜೀವಗಳೇ ಸಾಕ್ಷಿ.

ನಮ್ಮ ಸದಲಗೆಯಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು 2024ರ ಫೆಬ್ರವರಿ 18ರಂದು ಡೋಂಗರಗಢದ ಚಂದ್ರಗಿರಿಯಲ್ಲಿ ಸಮಾಧಿಸ್ಥರಾದರು. ಅವರೂ ಆಚಾರ್ಯ ಪದವಿಯ ಭಾರವನ್ನು ಮೊದಲೇ ಇಳಿಸಿದ್ದರು. ಇಬ್ಬರು ಆಚಾರ್ಯರೂ ಅಂತ್ಯದಲ್ಲಿ ಅನ್ನದೊಂದಿಗೆ ಅಧಿಕಾರವನ್ನೂ ತ್ಯಜಿಸಿದರೆಂಬುದನ್ನು ಗೃಹಸ್ಥರು ಮರೆಯಬಾರದು. ಮನೆಯ ಯಜಮಾನರಿಗೆ ಅನ್ನತ್ಯಾಗಕ್ಕಿಂತ ಅಧಿಕಾರತ್ಯಾಗವೇ ಕಠಿಣ.

ಆ ತರುಣನ ವಿಷಯ ಹೇಳಿ ಮುಗಿಸುತ್ತೇನೆ. ಆ ವರ್ಷ ಅವನು ಅನಂತ ಚತುರ್ದಶಿಯ ಉಪವಾಸ ಮಾಡಲಿಲ್ಲ. ತಂದೆಯವರು ಒಂದು ಮಾತನ್ನೂ ಆಡದೆ, ತಾವು ಉಪವಾಸವಿದ್ದು, ಸೂರ್ಯಾಸ್ತಕ್ಕೆ ಮೊದಲು ಮಗನ ಮುಂದೆ ತಾಟನ್ನು ತಾವೇ ಇಟ್ಟರಂತೆ. ಮರುದಿನ ಬಸದಿಯಲ್ಲಿ ಸಿಕ್ಕಾಗ, "ಪಂಡಿತರೇ, ಈ ಸಲ ನನಗೆ ಹಸಿವೆ ಕಷ್ಟವಾಗಲಿಲ್ಲ, ಸುಮ್ಮನಿರುವುದೇ ಕಷ್ಟವಾಯಿತು" ಎಂದರು. ಅವರು ಎಷ್ಟೋ ಉಪವಾಸಗಳನ್ನು ಮಾಡಿದವರು. ಆ ದಿನದ ಮೌನವನ್ನು ನಾನು ಅವರ ಅತ್ಯುತ್ತಮ ವ್ರತವೆಂದು ಎಣಿಸಿದ್ದೇನೆ.

ಸರ್ವರಿಗೂ ಸದ್ಧರ್ಮವೃದ್ಧಿಯಾಗಲಿ. ಇತಿ ಭದ್ರಂ.